ಆಸ್ಟ್ರಿಯಾವೋ ಸ್ವಿಟ್ಜರ್ಲೆಂಡೋ

ನನ್ನ ಹೆಂಡತಿ ಚಿತ್ತಾಪುರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಸೇಡಂನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ, ಸ್ಟೇಷನ್ನಿನಿಂದ ಶಾಲೆಯವರೆಗೆ ನಡಿಗೆ, ಸಂಜೆ ಮತ್ತೆ ಅದೇ ದಾರಿ. ನಾನು ಈ ಭಾಗದ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದೆ. ಅವಳಿಗಿಂತ ಎರಡು ವರ್ಷ ಮೊದಲೇ ನಿವೃತ್ತನಾದೆ. ಅವಳ ಬೀಳ್ಕೊಡುಗೆಯ ದಿನ ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರು. ಅವಳು ಮೈಕಿನ ಮುಂದೆ ನಿಂತು, “ಆಲ್ಪ್ಸ್ ಪರ್ವತದಾಗ ನಡೀಬೇಕಂತ ಮಾಡೀನ್ರಿ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ವಾಪಸ್ ಬರುವಾಗ ಗಾಡಿಯಲ್ಲಿ ಕೇಳಿದೆ, ಏನದು ಹಾಗಂದೆ ಅಂತ.

“ಇಷ್ಟು ವರ್ಷ ಆ ಪರ್ವತದ ಹೆಸರು ಬೋರ್ಡಿನ ಮ್ಯಾಲ ಬರದೀನಿ. ಪ್ರತಿ ವರ್ಷ ಯಾರಾರ ಒಬ್ಬಾಕಿ ಹುಡುಗಿ ಎದ್ದು ನಿಂತು, ನೀವು ನೋಡೀರೇನ್ರಿ ಟೀಚರ್ ಅಂತ ಕೇಳ್ತಿದ್ಳು. ಇಲ್ಲಮ್ಮ ಅಂತ ಹೇಳಿ ಹೇಳಿ ಸಾಕಾಗ್ಯದ.”

ಇಷ್ಟು ವರ್ಷ ಅವಳು ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಹಾಗಾಗಿ ಆಗಲಿ ಎಂದೆ. ನಿಜ ಹೇಳಬೇಕೆಂದರೆ, ಆಗ ನನಗೂ ಖುಷಿಯಾಗಿತ್ತು.

ನಮ್ಮ ಜೊತೆ ಇನ್ನೂ ಇಬ್ಬರು ಸೇರಿದರು. ಶಹಾಬಾದಿನ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯ ವಾಡಿಯಲ್ಲಿ ಗೂಡ್ಸ್ ಗಾಡಿಯ ಡ್ರೈವರಾಗಿ ನಿವೃತ್ತನಾಗಿದ್ದ. ಅವನ ಹೆಂಡತಿಯನ್ನು ನಾವು ಭಾಬಿ ಎನ್ನುತ್ತೇವೆ. ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ವಾಡಿಯ ಅರ್ಧ ಮದುವೆಗಳ ಬ್ಲೌಸು, ಶೆರವಾನಿ ಅವರ ಕೈಯಿಂದಲೇ ಹೊರಟಿವೆ. ವಿಷಯ ಕೇಳಿದ ಕೂಡಲೇ ಗೆಳೆಯ ತೊಡೆ ತಟ್ಟಿಕೊಂಡ. “ಭಾಯಿ, ಜಿಂದಗಿ ಪೂರಾ ಇಂಜಿನ್ನಿನ್ಯಾಗ ಕುಂತೀನಿ. ಈ ಕಾಲಿಗಿ ಏನಾರ ಕೆಲಸ ಕೊಡೂಣು ನಡಿ.” ಭಾಬಿ ಮಾತ್ರ ಒಂದೇ ಪ್ರಶ್ನೆ ಕೇಳಿದರು: “ಅಲ್ಲಿ ಥಂಡಿ ಎಷ್ಟಿರ್ತದ್ರಿ? ನಾಲ್ಕು ಮಂದಿಗೂ ಸ್ವೆಟರ್ ಹೆಣೀಬೇಕಲ್ಲ.”

ಯಾವ ದೇಶಕ್ಕೆ ಹೋಗಬೇಕು ಎಂಬುದನ್ನು ತೀರ್ಮಾನಿಸುವ ಕೆಲಸ ನನಗೆ ಬಂತು. ಆಲ್ಪ್ಸ್ ಒಂದೇ ದೇಶದ್ದಲ್ಲ. ನೋಡುತ್ತ ನೋಡುತ್ತ ಪಟ್ಟಿ ಎರಡಕ್ಕಿಳಿಯಿತು, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್. ವೀಸಾ ಅರ್ಜಿ ಹಾಕುವಾಗ ಹೆಚ್ಚು ರಾತ್ರಿ ಯಾವ ದೇಶದಲ್ಲಿ ತಂಗುತ್ತೇವೋ ಆ ದೇಶಕ್ಕೇ ಹಾಕಬೇಕು, ಆದ್ದರಿಂದ ಮೊದಲು ಒಂದನ್ನು ಆರಿಸಲೇಬೇಕು. ನಾನು ಒಂದು ನೋಟ್‌ಬುಕ್ ತಂದೆ. ಮೂವತ್ತು ವರ್ಷ ಸುಣ್ಣಕಲ್ಲಿನ ಪುಡಿ ಪರೀಕ್ಷೆ ಮಾಡಿದವನಿಗೆ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಇಷ್ಟದ ಕೆಲಸ ಬೇರೆ ಯಾವುದು? ದಾರಿಗಳ ಉದ್ದ, ಏರು, ಮಳೆಯ ದಿನಗಳು, ಬರೀ ಸಸ್ಯಾಹಾರ ತಿನ್ನುವವರಿಗೆ ಏನು ಸಿಗುತ್ತದೆ, ಎಲ್ಲ ಬರೆದೆ.

ಮೊದಲ ಎರಡು ತಿಂಗಳು ನಾನೇ ಆಸ್ಟ್ರಿಯಾ ಅನ್ನುತ್ತಿದ್ದೆ. ಅಲ್ಲಿ ಬೆಟ್ಟದ ಮೇಲೆಯೇ ನಡೆಯುವವರಿಗಾಗಿ ಮನೆಗಳಿವೆ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುತ್ತ ವಾರಗಟ್ಟಲೆ ಕೆಳಗಿಳಿಯದೆ ಇರಬಹುದು. ಬಂಡೆಗಳ ಮೇಲೆ ಕೆಂಪು ಬಿಳಿ ಕೆಂಪು ಪಟ್ಟಿ ಬಳಿದಿರುತ್ತಾರೆ, ಅದನ್ನು ನೋಡಿಕೊಂಡು ಹೋದರಾಯಿತು. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಅಡುಗೆಮನೆಯಿಂದ ಕೈಯಲ್ಲಿ ಹಿಟ್ಟಿನ ಸಮೇತ ಬಂದು ನಿಂತಿದ್ದಳು. “ಇದೇ ನೋಡ್ರಿ ನನಗ ಬೇಕಾಗಿದ್ದು,” ಎಂದಿದ್ದಳು.

ಎಳ್ಳಮಾವಾಸ್ಯೆ ಮುಗಿದ ವಾರ, ಕಾಲು ಪಳಗಿಸಲೆಂದು ನಾಲ್ವರೂ ಚಿಂಚೋಳಿ ಕಡೆ ಹೋದೆವು. ಚಂದ್ರಂಪಳ್ಳಿ ಕೆರೆಯ ದಂಡೆಯಿಂದ ಕಾಡಿನ ಗುಡ್ಡ ಹತ್ತಿ ಇಳಿಯುವುದು ನಮ್ಮ ಯೋಜನೆ. ಎಲ್ಲರ ಕಾಲಲ್ಲೂ ಹೊಸ ಬೂಟು. ಬೆನ್ನ ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ನೀರು. ನನ್ನ ಹೆಂಡತಿ ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಒಂದು ಎಲೆ ನೋಡುವಳು, ಹಕ್ಕಿಯ ಕೂಗು ಕೇಳಿ ತಲೆ ಎತ್ತುವಳು, ಹಿಂದೆ ತಿರುಗಿ ಕೆರೆಯ ನೀರು ನೋಡುವಳು. ನನಗೆ ಸಿಟ್ಟು ಬಂತು.

“ಹಿಂಗ ನಿಂತಕೋತ ನಡದ್ರ ಆಸ್ಟ್ರಿಯಾದಾಗ ನಿನ್ನ ಹೊತಕೊಂಡು ಹೋಗೋರು ಯಾರು? ಬರೇ ಕ್ಲಾಸ್‌ರೂಮಿನ್ಯಾಗ ಪಾಠ ಹೇಳಿದಂಗಲ್ಲ ಇದು,” ಎಂದು ಗೆಳೆಯನ ಎದುರಿಗೇ ಜೋರಾಗಿ ಅಂದೆ. ಭಾಬಿ ಬೇರೆ ಕಡೆ ನೋಡಿದರು. ಅವಳು ಮುಂದೆ ಹೋದಳು, ಮತ್ತೆ ಎಲ್ಲೂ ನಿಲ್ಲಲಿಲ್ಲ.

ಅಲ್ಲಿಂದ ಇನ್ನೂರು ಹೆಜ್ಜೆ ಆಗಿತ್ತೋ ಇಲ್ಲವೋ. ಏರು ಶುರುವಾಯಿತು. ನನ್ನ ಎದೆಗೆ ಯಾರೋ ಹಗ್ಗ ಕಟ್ಟಿ ಹಿಂದಿನಿಂದ ಎಳೆದಂತಾಯಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಕಣ್ಣ ಮುಂದೆ ಗಿಡಗಳೆಲ್ಲ ಒಂದೇ ಬಣ್ಣವಾದವು. ಮುಂದೆ ಅವರು ಮೂವರು ಮಾತಾಡುತ್ತ ಹತ್ತುತ್ತಿದ್ದರು. ನಾನು ಒಂದು ಬಂಡೆಯ ಮೇಲೆ ಕುಳಿತು ಬೂಟು ಬಿಚ್ಚಿದೆ. ಗೆಳೆಯ ತಿರುಗಿ ನೋಡಿ ಕೂಗಿದ, “ಕ್ಯಾ ಹುವಾ ಭಾಯಿ?”

“ಬೂಟಿನ್ಯಾಗ ಹಳ್ಳು ಹೊಕ್ಕಾದ,” ಎಂದೆ. “ನೀವು ನಡೀರಿ.”

ಅವರು ಮೇಲೆ ಹೋಗಿ ಬರುವವರೆಗೆ ಅದೇ ಬಂಡೆಯ ಮೇಲೆ, ಒಂದು ಕಾಲಲ್ಲಿ ಬೂಟಿಲ್ಲದೆ ಕುಳಿತಿದ್ದೆ. ಮೇಲಿಂದ ಇಳಿದು ಬಂದ ನನ್ನ ಹೆಂಡತಿಯ ಮುಖ ಬಿಸಿಲಿಗೆ ಕೆಂಪಾಗಿತ್ತು. ಇಷ್ಟು ಸಂತೋಷವನ್ನು ಅವಳ ಮುಖದಲ್ಲಿ ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ.

ಮುಂದಿನ ವಾರ ಯಾರಿಗೂ ಹೇಳದೆ ಕಲಬುರಗಿಗೆ ಹೋದೆ. ಮನೆಯಲ್ಲಿ ಪಿಂಚಣಿ ಕೆಲಸ ಎಂದಿದ್ದೆ. ಡಾಕ್ಟರು ಒಂದು ನಳಿಗೆಯಲ್ಲಿ ಮೂರು ಸಲ ಊದಿಸಿದರು. ಎಕ್ಸ್‌ರೇ ತೆಗೆಸಿದರು.

“ಎಷ್ಟು ವರ್ಷ ಸಿಗರೇಟ್ ಸೇದೀರಿ?”

“ಬಿಟ್ಟು ಹತ್ತು ವರ್ಷ ಆತ್ರಿ.”

“ಅದು ಕೇಳ್ಲಿಲ್ಲ ನಾನು. ಎಷ್ಟು ವರ್ಷ ಸೇದೀರಿ?”

ಇಪ್ಪತ್ತೆಂಟು ಎಂದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಮೊದಲಿನ ಹಾಗೆ ಆಗುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬಹುದು ಎಂದರು. ಉಸಿರಿನ ಜೊತೆ ಬಾಯಿಂದ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು. ನಾನು ಹೋಗುವ ಮೊದಲು ಕೇಳಿದೆ, ಬೆಟ್ಟ ಹತ್ತಬಹುದೇ ಎಂದು. “ಮನಿ ಮೆಟ್ಟಿಲು ನಿಧಾನಕ್ಕ ಹತ್ರಿ ಸರ್. ಬೆಟ್ಟದ ಮಾತು ಬಿಡ್ರಿ,” ಎಂದರು.

ಎಕ್ಸ್‌ರೇ ಮತ್ತು ಡಾಕ್ಟರ ಚೀಟಿಯ ಲಕೋಟೆಯನ್ನು ಬೀರುವಿನಲ್ಲಿ ನನ್ನ ಹಳೆಯ ಕೋಟಿನ ಕೆಳಗೆ ಹಾಸಿಟ್ಟೆ. ಔಷಧಿಯನ್ನು ಬಚ್ಚಲಮನೆಯಲ್ಲಿ ಎಳೆದುಕೊಳ್ಳುತ್ತಿದ್ದೆ. ಒಂದೇ ಮನೆಯಲ್ಲಿದ್ದ ಹೆಂಡತಿಗೆ ಹೇಗೆ ಗೊತ್ತಾಗಲಿಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ಕಡೆ ಬೇಸಿಗೆಯ ಧೂಳಿಗೆ ಕೆಮ್ಮದವರು ಯಾರಿದ್ದಾರೆ? ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಆಗ ಗುಡ್ಡದ ಬುಡದಲ್ಲಿ ಅವಳಿಗೆ ಅಂದ ಮಾತು ನೆನಪಾಗುತ್ತಿತ್ತು. ಹೊತ್ತುಕೊಂಡು ಹೋಗುವವರು ಯಾರು ಎಂದು ಅವಳನ್ನು ಕೇಳಿದವನು, ನನ್ನನ್ನೇ ಹೊರಬೇಕಾದೀತು ಎಂದು ಯಾವ ಬಾಯಲ್ಲಿ ಹೇಳಲಿ?

ಹೇಳುವ ಬದಲು ಸ್ವಿಟ್ಜರ್ಲೆಂಡ್ ಅನ್ನತೊಡಗಿದೆ.

ಅಲ್ಲಿ ಬೆಟ್ಟದ ತುದಿಯವರೆಗೆ ರೈಲು ಹೋಗುತ್ತದೆ. ತಂತಿಯ ಮೇಲೆ ತೂಗುವ ಡಬ್ಬಿಯಲ್ಲಿ ಕುಳಿತರೆ ಹತ್ತು ನಿಮಿಷದಲ್ಲಿ ಹಿಮದ ಮುಂದೆ ಇಳಿಸುತ್ತದೆ. ನನ್ನ ಮನಸ್ಸಿನಲ್ಲಿದ್ದದ್ದು ಅದು. ಬಾಯಲ್ಲಿ ಹೇಳಿದ್ದು ಬೇರೆ: ಸ್ವಿಟ್ಜರ್ಲೆಂಡಿನ ಶಿಖರಗಳ ಮುಂದೆ ಆಸ್ಟ್ರಿಯಾ ಏನೂ ಅಲ್ಲ, ದಾರಿಯ ಹಳದಿ ಫಲಕಗಳಲ್ಲಿ ಎಷ್ಟು ಗಂಟೆಯ ನಡಿಗೆ ಎಂದು ಬರೆದಿರುತ್ತಾರೆ, ಅಂಥ ಶಿಸ್ತು ಬೇರೆಲ್ಲೂ ಇಲ್ಲ.

“ಹ್ವಾದ ತಿಂಗಳ ಆಸ್ಟ್ರಿಯಾ ಅಂದ್ರಿ,” ಎಂದಳು ಹೆಂಡತಿ.

“ಆಗ ಪೂರಾ ಓದಿದ್ದಿಲ್ಲ. ಆಸ್ಟ್ರಿಯಾದ ಆ ಬೆಟ್ಟದ ಮನಿಗಳಾಗ ಹತ್ತು ಹದಿನೈದು ಮಂದಿ ಒಂದೇ ಖೋಲಿಯೊಳಗ ಸಾಲಾಗಿ ಮಲಗಬೇಕಂತ. ಗಂಡಸ್ರು, ಹೆಂಗಸ್ರು ಎಲ್ಲಾ. ನಿನಗ ಆಗ್ತದೇನು?”

“ಸರ್ಕಾರಿ ದವಾಖಾನಿಯ ಬಾಣಂತಿ ವಾರ್ಡಿನ್ಯಾಗ ಮಲಗೀನಿ. ಚುನಾವಣಾ ಡ್ಯೂಟಿಗಿ ಹೋಗಿ ಸಾಲಿ ವರಾಂಡದಾಗ ಮಲಗೀನಿ. ಅಲ್ಲಿ ಆಗಲಾರದ್ದೇನದ? ಸ್ವಿಟ್ಜರ್ಲೆಂಡಿನ್ಯಾಗ ಜನ ರೈಲಿನ್ಯಾಗ ಗುಡ್ಡ ಹತ್ತತಾರ್ರಿ. ನಾ ರೈಲಿನ್ಯಾಗ ಭಾಳ ಓಡಾಡೀನಿ. ನನಗ ನಡೀಬೇಕಾಗ್ಯದ.”

ಒಂದು ತಿಂಗಳು ಹೀಗೇ ಹೋಯಿತು. ಕೊನೆಗೆ ಅವಳೇ ಸೋತಳು. ಒಂದು ಭಾನುವಾರ ಗೆಳೆಯನೂ ಭಾಬಿಯೂ ಊಟಕ್ಕೆ ಬಂದಿದ್ದಾಗ ಅವಳು, “ಆಯ್ತ್ರಿ, ಸ್ವಿಟ್ಜರ್ಲೆಂಡೇ ಆಗಲಿ. ಅಲ್ಲೂ ನಡಿಲಿಕ್ಕೆ ದಾರಿ ಅದಾವಲ್ಲ,” ಎಂದು ಒಂದು ಹಾಳೆ ಮುಂದಿಟ್ಟಳು. ಕಣಿವೆಯಿಂದ ಕಣಿವೆಗೆ ದಾಟುವ ಎಂಟು ದಿನದ ಹಾದಿಯನ್ನು ಅವಳು ಬರೆದು ತಂದಿದ್ದಳು. ಒಂದೊಂದು ದಿನದ ಏರನ್ನೂ ಗುರುತು ಮಾಡಿದ್ದಳು. ಭಾಬಿ ಚಪ್ಪಾಳೆ ತಟ್ಟಿದರು. ನನಗೆ ಆ ಹಾಳೆ ನೋಡುತ್ತಲೇ ಎದೆಯ ಹಗ್ಗ ಮತ್ತೆ ಬಿಗಿಯಿತು. ರೈಲಿರುವ ದೇಶವನ್ನು ಆರಿಸಿದರೂ ಇವಳು ನಡೆಯುವವಳೇ.

“ಇಷ್ಟ್ಯಾಕ ಅವಸರ?” ಎಂದೆ. “ಹಂಗ ನೋಡಿದ್ರ ಆಸ್ಟ್ರಿಯಾನೂ ತಗದು ಹಾಕಂಗಿಲ್ಲ. ಇನ್ನೊಂದ್ ಸಲ ನೋಡ್ತೀನಿ.”

ಗೆಳೆಯ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ನನ್ನನ್ನು ನೋಡಿದ. ನನ್ನ ಹೆಂಡತಿ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎತ್ತಿಟ್ಟಳು. ಆ ದಿನದಿಂದ ದೇಶಗಳ ಬಗ್ಗೆ ನನ್ನ ಅಭಿಪ್ರಾಯ ಕೇಳುವುದನ್ನು ನಿಲ್ಲಿಸಿದಳು. ನಾನು ನೋಟ್‌ಬುಕ್ ತುಂಬಿಸುತ್ತಲೇ ಇದ್ದೆ.

ಮೇ ತಿಂಗಳಲ್ಲಿ ಒಂದು ಸಂಜೆ, ಹೈದರಾಬಾದಿನ ವೀಸಾ ಅರ್ಜಿ ಕೇಂದ್ರದಲ್ಲಿ ನಾಲ್ವರಿಗೂ ಸಮಯ ತೆಗೆದುಕೊಂಡಿದ್ದೇನೆ ಎಂದಳು. ಆಸ್ಟ್ರಿಯಾಕ್ಕೆ. ಬೆರಳಚ್ಚು ಕೊಡಲು ಎಲ್ಲರೂ ಹೋಗಬೇಕು. ಹೊರಡಲು ಎಂಟು ದಿನವಿತ್ತು, ಅಷ್ಟೂ ದಿನ ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೊರಡುವ ಬೆಳಿಗ್ಗೆ ಅವಳ ಜೊತೆ ಸೇಡಂ ಸ್ಟೇಷನ್ನಿಗೆ ಬಂದೆ, ಕೈಯಲ್ಲಿ ಕಾಗದಪತ್ರದ ಚೀಲವೂ ಇತ್ತು. ಗಾಡಿ ವಾಡಿ ಕಡೆಯಿಂದ ಬಂತು. ಭಾಬಿ ಬಾಗಿಲಲ್ಲೇ ನಿಂತಿದ್ದರು. “ನಿಮಗ ಕಿಟಕಿ ಸೀಟ್ ಹಿಡದೀವ್ರಿ, ಬರ್ರಿ ಲಗೂನ!” ಎಂದು ಕೂಗಿದರು.

ನಾನು ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತೆ. “ನೀವು ಹೋಗಿ ಬರ್ರಿ. ನಂದು ಇನ್ನೂ ತೀರ್ಮಾನ ಆಗಿಲ್ಲ,” ಎಂದೆ.

ನನ್ನ ಹೆಂಡತಿ ನನ್ನ ಹತ್ತಿರ ಬಂದು ನಿಂತಳು. ದನಿ ತಗ್ಗಿಸಿ ಕೇಳಿದಳು, “ನಿಮ್ಮ ಮನಸ್ಸಿನ್ಯಾಗ ಏನದ ಹೇಳಿಬಿಡ್ರಿ. ಇಲ್ಲೇ ಹೇಳ್ರಿ. ಬ್ಯಾಡಂದ್ರ ಬ್ಯಾಡ ಅನ್ರಿ, ನಾ ಇಳೀತೀನಿ.”

ಅವಳು ಇನ್ನೂ ಗಾಡಿ ಹತ್ತಿಯೇ ಇರಲಿಲ್ಲ, ಇಳಿಯುತ್ತೇನೆ ಎಂದಳು. ಮನಸ್ಸಿನಲ್ಲಿ ಆಗಲೇ ಹತ್ತಿಬಿಟ್ಟಿದ್ದಳು. ನಾನು ಚೀಲದಿಂದ ಅವಳ ಕಾಗದಗಳನ್ನು ತೆಗೆದು ಕೈಗಿಟ್ಟೆ. “ನೋಡೂಣು,” ಎಂದೆ. ಗಾಡಿ ಸೀಟಿ ಹಾಕಿತು. ಅವಳು ಹತ್ತಿದಳು.

ಜುಲೈಯಲ್ಲಿ ಮೂವರೂ ಹೊರಟರು. ಹದಿನಾರು ದಿನ. ಬೀದರಿನಲ್ಲಿರುವ ನಮ್ಮ ಮಗಳು ಫೋನ್ ಮಾಡಿ, “ಅಪ್ಪಾ, ಅವ್ವ ನಿಮ್ಮನ್ನ ಬಿಟ್ಟು ಹ್ಯಾಂಗ ಹೋದ್ಳು?” ಎಂದು ಅತ್ತಳು. “ಆಕಿಗಿ ಬೇಕಾಗಿತ್ತು, ಹೋಗ್ಯಾಳ,” ಎಂದೆ. ಅಷ್ಟೇ. ಮಗಳು ಅವ್ವನಿಗೆ ಏನು ಬರೆದಳೋ ನನಗೆ ಗೊತ್ತಿಲ್ಲ.

ಮಳೆ ಹಿಡಿದಿತ್ತು. ಊರ ಸುತ್ತ ತೊಗರಿ ಮೊಳಕೆ ಬಂದಿತ್ತು. ನಾನು ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಎದುರಿನ ಚಹಾ ಹೋಟೆಲಿಗೆ ಹೋಗಿ ಸುಸಲಾ, ಮಿರ್ಚಿ ಭಜಿ ತಿನ್ನುತ್ತ ಕೂರುತ್ತಿದ್ದೆ. ಪರಿಚಯದವರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. “ಮನ್ಯಾಗ ಊಟಕ್ಕೇನ್ ಮಾಡ್ತೀರಿ ಸರ್?” ಎಂದು ಶುರುವಾಗುತ್ತಿತ್ತು. “ಈ ವಯಸ್ಸಿನ್ಯಾಗ ಗಂಡನ್ನ ಬಿಟ್ಟು ಮಂದಿ ಜೋಡಿ ವಿಲಾಯ್ತಿ ತಿರಗೋದು ಅಂದ್ರ…” ಎಂದು ಒಬ್ಬರು. “ನೌಕರಿ ಮಾಡಿದ ಹೆಂಗಸ್ರು ಹಿಂಗೇ,” ಎಂದು ಇನ್ನೊಬ್ಬರು. ನಾನು ಒಂದು ಮಾತೂ ಆಡುತ್ತಿರಲಿಲ್ಲ. ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದೆ. ಆ ತಗ್ಗಿಸಿದ ತಲೆ ಏನು ಹೇಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರನೇ ದಿನದಿಂದ ಹೋಟೆಲಿನವನು ನನ್ನ ಚಹಾಕ್ಕೆ ಹೆಚ್ಚು ಹಾಲು ಹಾಕಿಸತೊಡಗಿದ. ಆ ಹಾಲು ನನಗೆ ರುಚಿಸಿತು.

ಒಂದು ಮಧ್ಯಾಹ್ನ ಅವಳ ವಿಡಿಯೋ ಕರೆ ಬಂತು. ಭಾಬಿ ಹೆಣೆದ ಹಳದಿ ಸ್ವೆಟರ್, ಒಡೆದ ತುಟಿ, ಹಿಂದೆ ಹಸಿರು ಇಳಿಜಾರು, ಅದರಾಚೆ ಬಿಳಿ. ಎಲ್ಲೋ ದನದ ಕೊರಳ ಗಂಟೆ ಕೇಳುತ್ತಿತ್ತು.

“ಕಾಣಸ್ತದೇನ್ರಿ? ಇವತ್ತ ಆರು ತಾಸು ನಡದು ಬಂದೀವಿ. ಇಲ್ಲಿ ಮಂದಿ ನಮ್ಮ ಕಟಕ್ ರೊಟ್ಟಿ ತಿಂದು ಇದೇನಂತ ಕೇಳಾಕತ್ತಾರ.” ಅವಳು ಫೋನನ್ನು ಒಮ್ಮೆ ಬೆಟ್ಟದ ಕಡೆ ತಿರುಗಿಸಿದಳು. “ನೀವು ಇರಬೇಕಾಗಿತ್ತು ನೋಡ್ರಿ.”

“ಮನ್ಯಾಗ ನಳ ಸೋರಾಕತ್ಯಾದ,” ಎಂದೆ. “ಪ್ಲಂಬರ್ ನಂಬರ್ ಎಲ್ಲಿಟ್ಟೀದಿ?”

ಅವಳು ನಂಬರ್ ಹೇಳಿದಳು. ಮತ್ತೆ ವಿಡಿಯೋ ಕರೆ ಮಾಡಲಿಲ್ಲ.

ಬಂದ ಮೇಲೆ ಅವಳಿಗೆ ಊರು ಬೇರೆಯಾಗಿ ಕಂಡಿತು. ಸಂಬಂಧಿಕರ ಮನೆಯ ಸೀಮಂತಕ್ಕೆ ಹೋದಾಗ ಒಬ್ಬ ಹಿರಿಯ ಹೆಣ್ಣುಮಗಳು ಎಲ್ಲರ ನಡುವೆ, “ಗಂಡನ್ನ ಉಪಾಸ ಕೆಡವಿ ಫಾರಿನ್ ನೋಡಿ ಬಂದಾಕಿ ಬಂದ್ಳು, ಜಾಗಾ ಬಿಡ್ರೆವ್ವಾ,” ಎಂದಳಂತೆ. ಮನೆಗೆ ಬಂದವಳು ಸೀರೆ ಬದಲಿಸದೆ ಕೇಳಿದಳು.

“ಹೋಟೆಲ್ದಾಗ ಏನ್ ಹೇಳೀರಿ ನೀವು?”

“ನಾ ಏನೂ ಹೇಳಿಲ್ಲ.”

ಅದು ನಿಜವೇ ಆಗಿತ್ತು.

ದೀಪಾವಳಿಗೆ ಬೀರು ಸ್ವಚ್ಛ ಮಾಡುವಾಗ ಎಕ್ಸ್‌ರೇ ಅವಳ ಕೈಗೆ ಸಿಕ್ಕಿತು. ನಾನು ಹೊರಗೆ ಪೇಪರ್ ಓದುತ್ತಿದ್ದೆ. ಅವಳು ಲಕೋಟೆ ಹಿಡಿದು ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಡಾಕ್ಟರ ಚೀಟಿ ಓದಿದಳು. ಮೇಲೆ ಬರೆದ ತಾರೀಖನ್ನು ಎರಡು ಸಲ ನೋಡಿದಳು. ಚಂದ್ರಂಪಳ್ಳಿಯ ನಂತರದ ವಾರ ಅದು. ನನಗಿಂತ ವೇಗವಾಗಿ ಅವಳು ಎಲ್ಲವನ್ನೂ ಜೋಡಿಸಿಕೊಂಡಳು.

“ಹಳ್ಳು ಹೊಕ್ಕಿದ್ದಿಲ್ಲ,” ಎಂದಳು.

“ಇಲ್ಲ.”

“ಸ್ವಿಟ್ಜರ್ಲೆಂಡ್ ಅಂದಿದ್ದು ರೈಲಿಗಿ.”

ನಾನು ತಲೆಯಾಡಿಸಿದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. “ಒಂದ್ ಮಾತು ಹೇಳಿದ್ರ ನಾನೇ ನಿಮ್ಮ ಜೋಡಿ ತಂತಿ ಡಬ್ಬಿಯೊಳಗ ಕುಂತು ಮ್ಯಾಲ ಹೋಗ್ತಿದ್ದೆ. ನಡೀಲಾರದಿದ್ರ ಹ್ವಾಯ್ತು. ಅಷ್ಟೂ ನನ್ನ ಮ್ಯಾಲ ನಂಬಿಕಿ ಇದ್ದಿಲ್ಲೇನು?” ಎಂದಳು. ಆಮೇಲೆ ನಿಧಾನವಾಗಿ, ತರಗತಿಯಲ್ಲಿ ತಪ್ಪು ಉತ್ತರ ತಿದ್ದುವವಳಂತೆ: “ಅದೂ ಇರ್ಲಿ. ಹೆದರಿಕೆ ಎಲ್ಲಾರಿಗೂ ಇರ್ತದ. ಆದ್ರ ನಾ ಹೋದ ಮ್ಯಾಲ ನೀವು ಹೋಟೆಲ್ದಾಗ ಬಾಯಿ ಮುಚ್ಚಿ ಕುಂತ್ರಲ್ಲ, ಅದಕ್ಕ ಎದಿ ಬ್ಯಾನಿ ಕಾರಣಲ್ಲ. ಮಗಳು ನನಗ ಏನ್ ಬರದಾಳ ಗೊತ್ತದೇನು ನಿಮಗ? ಓದಿದ ಮ್ಯಾಲ ಒಂದು ದಿನ ಪೂರಾ ನಾ ನೆಲಾ ನೋಡಕೋತ ನಡದೀನಿ. ಸುತ್ತಲೂ ಅಷ್ಟು ಬೆಟ್ಟ ಇಟಗೊಂಡು.”

ಸಂಜೆ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಗಳು, ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಮಾತ್ರ ಕೇಳಿದಳು. ಗೆಳೆಯನಿಗೂ ಹೇಳಿದೆ. ಅವನು ವಾಡಿಯಿಂದ ಬಂದು, ನನ್ನ ಹತ್ತಿರ ಕುಳಿತು, ಬೈಯದೆ ಎದ್ದು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಉಳಿದದ್ದು ಹೋಟೆಲು. ಮರುದಿನ ಬೆಳಿಗ್ಗೆ ಹೋದೆ. ಅದೇ ನಾಲ್ಕೈದು ಜನ ಇದ್ದರು. ಚಹಾ ಬರುವ ಮೊದಲೇ ಹೇಳಿದೆ. ನನಗೆ ಉಸಿರಿನ ಬೇನೆ ಇದೆ, ನಾನು ಮುಚ್ಚಿಟ್ಟೆ, ಅವಳು ಕೊನೆಯ ಗಳಿಗೆಯಲ್ಲೂ ಬ್ಯಾಡಂದರೆ ಇಳಿಯುತ್ತೇನೆ ಎಂದಳು, ತಪ್ಪು ನನ್ನದು. ಎಲ್ಲ ಬಿಡಿಸಿ ಹೇಳಿದೆ. ಹೇಳುವಾಗ ಕೆಮ್ಮು ಬಂತು.

ಅವರು ಗಮನವಿಟ್ಟು ಕೇಳಿದರು. ಒಬ್ಬರು ನನ್ನ ಬೆನ್ನು ಸವರಿದರು. “ನೀವು ಭಾಳ ದೊಡ್ಡ ಮನುಷ್ಯರು ಸರ್. ಹೆಂಡ್ತಿ ಹೆಸರು ಕೆಡಬಾರದಂತ ಎಲ್ಲಾ ನಿಮ್ಮ ಮ್ಯಾಲ ಹಾಕೊಳ್ಳಾಕತ್ತೀರಿ.” ಇನ್ನೊಬ್ಬರು, “ಅಂದ್ರ ಬ್ಯಾನಿ ಇದ್ದ ಗಂಡನ್ನ ಬಿಟ್ಟು ಹೋಗಿದ್ರೇನು?” ಎಂದರು. ನಾನು ಇಲ್ಲ ಇಲ್ಲ, ಅವಳಿಗೆ ಗೊತ್ತಿರಲಿಲ್ಲ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಹಾ ಬಂತು.

ಮನೆಗೆ ಬಂದಾಗ ಹೆಂಡತಿ ಮೇಜಿನ ಮೇಲೆ ನಕ್ಷೆ ಹಾಸಿಕೊಂಡು ಭಾಬಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಮುಂದಿನ ವರ್ಷ ಇಟಲಿಯ ಕಡೆಯ ಬೆಟ್ಟವೋ, ಸ್ಲೊವೇನಿಯಾದ್ದೋ ಎಂಬ ಮಾತು. ಫೋನ್ ಇಟ್ಟ ಮೇಲೆ ಕೇಳಿದಳು, “ಹೇಳಿದ್ರೇನು?”

ಹೇಳಿದೆ ಎಂದೆ. ಅವರು ಏನಂದರು ಎಂಬುದನ್ನೂ ಒಂದು ಮಾತು ಬಿಡದೆ ಹೇಳಿದೆ.

“ಇನ್ನೇನಂತಾರ,” ಎಂದಳು. ಕನ್ನಡಕ ಹಾಕಿಕೊಂಡು ಮತ್ತೆ ನಕ್ಷೆಗೆ ಬಾಗಿದಳು. ಸ್ಲೊವೇನಿಯಾ ಒಳ್ಳೆಯದಿರಬಹುದು, ಅಲ್ಲಿ ಏರು ಕಡಿಮೆ ಎಂದು ಎಲ್ಲೋ ಓದಿದ ನೆನಪು ಎಂದೆ. ಅವಳು ಕೇಳಿಸಿಕೊಂಡಳು. ಬೆರಳು ನಕ್ಷೆಯ ಮೇಲೆ ಇಟಲಿಯ ಕಡೆಗೇ ಸಾಗುತ್ತಿತ್ತು.